ನೀರು ಏರುವ ಮೊದಲು ನಮ್ಮ ಪೇಟೆಗಳನ್ನು ಬರೆದಿಡಿ

ಬಾಗಲಕೋಟೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಅಧಿಕಾರಿಗಳಿಗೆ, ನಗರಸಭೆಯ ಸದಸ್ಯರಿಗೆ ಮತ್ತು ನನ್ನ ಊರಿನ ಹಿರಿಯರಿಗೆ, ಅಕ್ಕ ತಂಗಿಯರಿಗೆ, ಗೆಳೆಯರಿಗೆ,

ನಮಸ್ಕಾರ.

ಮುಳುಗುವ ಮನೆಗಳ ಪರಿಹಾರದ ದರದ ವಿಷಯವನ್ನು ಬೇರೆಯವರು ನಿಮ್ಮ ಮುಂದೆ ಇಟ್ಟಿದ್ದಾರೆ. ಮುಂದೆಯೂ ಇಡುತ್ತಾರೆ, ಇಡಲೇಬೇಕು. ನಾನು ಕೇಳುವುದು ಬೇರೆ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆಯ ಗೇಟುಗಳ ಎತ್ತರ (ಸಮುದ್ರ ಮಟ್ಟದ ಲೆಕ್ಕದಲ್ಲಿ) 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಹಳೇ ಬಾಗಲಕೋಟೆಯ 11 ವಾರ್ಡುಗಳು ಮುಳುಗಡೆಯ ಲೆಕ್ಕಕ್ಕೆ ಬರುತ್ತವೆ. ಆ ಮನೆಗಳನ್ನು ಅಳೆಯಲು ನಿಮ್ಮ ಸಿಬ್ಬಂದಿ ಓಣಿ ಓಣಿ ತಿರುಗಬೇಕು, ಒಂದೊಂದು ಮನೆಯ ಒಳಗೂ ಹೋಗಬೇಕು. ಹಾಗೆ ಹೋಗುವಾಗ ಕೈಯಲ್ಲಿ ಒಂದು ಹಾಳೆ ಜಾಸ್ತಿ ಇರಲಿ. ಆ ಹಾಳೆಯಲ್ಲಿ ಆ ಮನೆಯ, ಆ ಓಣಿಯ ಚರಿತ್ರೆ ಬರೆದುಕೊಳ್ಳಿ. ನನ್ನ ಮುಖ್ಯ ಬೇಡಿಕೆ ಇದು.

ಚರಿತ್ರೆ ಅಂದಾಕ್ಷಣ ನಮ್ಮ ಜಿಲ್ಲೆಯಲ್ಲಿ ಎಲ್ಲರ ಬೆರಳು ಬಾದಾಮಿಯ ಕಡೆಗೆ ಹೋಗುತ್ತದೆ. ಐಹೊಳೆ ಇದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ಇದೆ. ಅಲ್ಲಿಗೆ ಹೋಗುವ ಪ್ರವಾಸಿಗರು ನಮ್ಮೂರಿನ ಹೊರಗಿನ ರಸ್ತೆಯಲ್ಲೇ ದಾಟಿ ಹೋಗುತ್ತಾರೆ. ಜಿಲ್ಲಾ ಕೇಂದ್ರದ ಒಳಗೆ ನೋಡುವಂಥದ್ದು ಏನೂ ಇಲ್ಲ ಎಂದು ನಾವೇ ನಂಬಿಕೊಂಡಿದ್ದೇವೆ. ಆ ನಂಬಿಕೆ ತಪ್ಪು.

ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಬಾಗಡಗೆ ಎಪ್ಪತ್ತು’ ಎಂಬ ನಾಡು ಬರುತ್ತದೆ. ಎಪ್ಪತ್ತು ಊರುಗಳ ಆ ನಾಡಿನ ಮುಖ್ಯ ಊರು ನಮ್ಮದು. ಆಮೇಲೆ ವಿಜಯಪುರದ ಆದಿಲಶಾಹಿಗಳು ಬಂದರು. ಸವಣೂರಿನ ನವಾಬರು ಬಂದರು. 18ನೇ ಶತಮಾನದ ನಡುವಿನಲ್ಲಿ ಪೇಶ್ವೆಗಳು ಬಂದರು, ನಡುವೆ ಹೈದರಾಲಿಯ ಕೈಗೂ ಊರು ಹೋಗಿ ಬಂತು. ಪೇಶ್ವೆಗಳ ಸರದಾರ ರಾಸ್ತೆ ಮನೆತನದವರು ಇದನ್ನು ನೋಡಿಕೊಂಡರು. 1818ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಮನ್ರೋನ ಸೈನ್ಯ ಊರನ್ನು ಹಿಡಿಯಿತು. ಇಲ್ಲಿ ಟಂಕಸಾಲೆಯೂ ಇತ್ತು. ಬಾಗಲಕೋಟೆಯಲ್ಲಿ ಅಚ್ಚಾದ ರೂಪಾಯಿಗಳು ಇಂದಿಗೂ ಹಳೆಯ ನಾಣ್ಯ ಕೂಡಿಡುವವರ ಕೈಯಲ್ಲಿ ಸಿಗುತ್ತವೆ. ಆ ಟಂಕಸಾಲೆ ಇದ್ದ ಜಾಗ ಯಾವುದು ಎಂದು ತೋರಿಸುವ ಒಂದು ಫಲಕ ಊರಿನಲ್ಲಿಲ್ಲ.

ಅರಸರ ಹೆಸರು ಹೇಗೋ ಉಳಿಯುತ್ತದೆ, ಯಾವುದಾದರೂ ಪುಸ್ತಕದಲ್ಲಿ ಇದ್ದೇ ಇರುತ್ತದೆ. ನನಗೆ ಚಿಂತೆ ಇರುವುದು ಪೇಟೆಗಳದ್ದು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ಈ ಐದು ಹೆಸರು ಹೇಳಿದರೆ ಹಳೇ ಊರಿನ ನಕ್ಷೆ ಕಣ್ಣಮುಂದೆ ಬರುತ್ತದೆ. ಕಿಲ್ಲಾ ಅಂದರೆ ಕೋಟೆಯ ಒಳಗಿನ ಊರು. ಪೇಟೆಗಳು ವ್ಯಾಪಾರ ಬೆಳೆದಂತೆ ಕೋಟೆಯ ಹೊರಗೆ ಹುಟ್ಟಿಕೊಂಡವು. ಹತ್ತಿ, ಜೋಳ, ಸೀರೆ, ಖಣ, ಬಂಗಾರ ಎಲ್ಲದಕ್ಕೂ ಸುತ್ತಲಿನ ಹಳ್ಳಿಯವರು ಇಲ್ಲಿಗೇ ಬರಬೇಕಿತ್ತು. ಮದುವೆಯ ಬಟ್ಟೆಗೆ ಈಗಲೂ ಜನ, ಮೊದಲ ಮುಳುಗಡೆಯವರಿಗಾಗಿ ಕಟ್ಟಿದ ನವನಗರದಿಂದ ಇಳಿದು ಹಳೇ ಊರಿಗೇ ಬರುತ್ತಾರೆ. ವಲ್ಲಭಭಾಯಿ ಚೌಕದಲ್ಲಿ ಸಂಜೆ ಹೊತ್ತು ನಿಂತು ನೋಡಿ, ಮುಳುಗುವ ಊರು ಅಂತ ಯಾರೂ ಹೇಳುವುದಿಲ್ಲ.

ಈ ಪೇಟೆಗಳ ಮನೆಗಳನ್ನು ಒಮ್ಮೆ ಒಳಹೊಕ್ಕು ನೋಡಬೇಕು. ಹೊರಗೆ ಓಣಿಗೆ ತಾಗಿ ಕಟ್ಟೆ. ಬಿಸಿಲಿಗೆ ನಡೆದು ಬಂದವರು ಯಾರೇ ಇರಲಿ, ಕೇಳದೇ ಕೂರಬಹುದಾದ ಜಾಗ ಅದು. ತಲೆಬಾಗಿಲು ದಪ್ಪ ಸಾಗವಾನಿಯದು. ಚೌಕಟ್ಟಿನ ಮೇಲ್ಪಟ್ಟಿಯಲ್ಲಿ ನಡುವೆ ಗಣಪತಿ, ಎರಡೂ ಕಡೆ ಬಳ್ಳಿ, ಗಿಳಿ. ಒಳಗೆ ಕಾಲಿಟ್ಟರೆ ಪಡಸಾಲೆ, ನೆಲಕ್ಕೆ ಪರಸಿ ಕಲ್ಲು. ಅಂಕಣ ಅಂಕಣಕ್ಕೂ (ಕಂಬಗಳ ನಡುವಿನ ಜಾಗ) ಕಂಬ, ಕಂಬದ ಮೇಲೆ ಭಾರ ಹೊರುವ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ. ಮಾಳಿಗೆಗೆ ಮಣ್ಣು. ಆ ಮಣ್ಣಿನ ನಡುವೆ ಬೆಳಕಿಂಡಿ. ಮೇ ತಿಂಗಳ ಮಧ್ಯಾಹ್ನ ಹೊರಗೆ ನೆತ್ತಿ ಸುಡುತ್ತಿದ್ದರೂ ಈ ಮನೆಗಳ ನಡುಮನೆಯಲ್ಲಿ ಫ್ಯಾನ್ ಇಲ್ಲದೇ ಮಲಗಬಹುದು. ಎರಡು ಅಡಿಗಿಂತ ದಪ್ಪ ಗೋಡೆ ಮತ್ತು ಆ ಮಣ್ಣಿನ ಮಾಳಿಗೆ ಮಾಡುವ ಕೆಲಸ ಅದು. ಕಾಂಕ್ರೀಟ್ ಮನೆಯಲ್ಲಿ ಕುದಿಯುತ್ತಿರುವ ನಾವು ಇದನ್ನು ಇನ್ನೊಮ್ಮೆ ಕಲಿಯಬೇಕಾಗಿದೆ.

ಈಗ ಅಳತೆಯ ಹಾಳೆಯನ್ನು ನೋಡೋಣ. ನಮ್ಮ ಸಂಬಂಧಿಕರ ಮನೆಯ ಹಾಳೆಯೊಂದನ್ನು ನಾನು ನೋಡಿದ್ದೇನೆ. ಉದ್ದ, ಅಗಲ, ಗೋಡೆ ಕಲ್ಲಿನದೋ ಮಣ್ಣಿನದೋ, ಕಟ್ಟಿಗೆಯ ಜಾತಿ, ಬಾಗಿಲು ಎಷ್ಟು, ಕಿಟಕಿ ಎಷ್ಟು, ಮನೆಗೆ ವಯಸ್ಸೆಷ್ಟು, ವಯಸ್ಸಿಗೆ ತಕ್ಕಂತೆ ಎಷ್ಟು ಮುರಿದುಕೊಳ್ಳಬೇಕು. ಬರೆದವರು ಅಚ್ಚುಕಟ್ಟಾಗಿ ಬರೆದಿದ್ದರು, ಒಂದು ಬಾಗಿಲೂ ಬಿಟ್ಟುಹೋಗಿರಲಿಲ್ಲ. ಆದರೆ ಆ ಲೆಕ್ಕದಲ್ಲಿ ಮನೆ ಹಳೆಯದಾದಷ್ಟೂ ಅದರ ಬೆಲೆ ಇಳಿಯುತ್ತದೆ. ಗಣಪತಿ ಕೆತ್ತಿದ ಚೌಕಟ್ಟು ಅಲ್ಲಿ ಬರೀ ಒಂದು ಬಾಗಿಲು. ಆ ಚೌಕಟ್ಟನ್ನು ಯಾವ ಊರಿನ ಬಡಿಗೇರರು ಕೆತ್ತಿದರು, ಆ ಮನೆಯಲ್ಲಿ ಯಾವ ದಂಧೆ ನಡೆಯುತ್ತಿತ್ತು, ಪಕ್ಕದ ಸಣ್ಣ ಓಣಿಗೆ ಆ ಹೆಸರು ಯಾಕೆ ಬಂತು, ಇದಕ್ಕೆಲ್ಲ ಹಾಳೆಯಲ್ಲಿ ಕಾಲಂ ಇಲ್ಲ. ಪರಿಹಾರ ಲೆಕ್ಕ ಹಾಕುವ ಹಾಳೆಯಲ್ಲಿ ಅದು ಇರಬೇಕಾಗಿಯೂ ಇಲ್ಲ. ಅದಕ್ಕೇ ಇನ್ನೊಂದು ಹಾಳೆ ಬೇಕು ಎನ್ನುತ್ತಿದ್ದೇನೆ.

ಪರಿಹಾರ ಸಿಕ್ಕ ಮೇಲೆ ಏನಾಗುತ್ತದೆ ಎಂಬುದನ್ನು ಮುಳುಗಡೆಯ ಮೊದಲ ಹಂತದಲ್ಲಿ ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ ತಿಂಗಳಲ್ಲಿ ಆಲಮಟ್ಟಿಗೆ ಅಡಿಗಲ್ಲು ಹಾಕಿದರು. 2000ದಲ್ಲಿ ಸುಪ್ರೀಂ ಕೋರ್ಟ್ 519.60 ಮೀಟರಿನವರೆಗೆ ಒಪ್ಪಿಗೆ ಕೊಟ್ಟಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅಣೆಕಟ್ಟೆಯನ್ನು ದೇಶಕ್ಕೆ ಅರ್ಪಿಸಿದರು. ಈ ಮಧ್ಯದ ವರ್ಷಗಳಲ್ಲಿ ನದಿಯ ಕಡೆಯ ಓಣಿಗಳು ಖಾಲಿಯಾದವು. ಘಟಪ್ರಭೆ ಗೋಕಾಕದಲ್ಲಿ ಧುಮುಕಿ, ಮುಧೋಳ, ಕಲಾದಗಿ ದಾಟಿ ನಮ್ಮೂರಿಗೆ ಬಂದು, ಮುಂದೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನದಿ. ಹಿನ್ನೀರು ಬಂದ ಮೇಲೆ ಅದು ನದಿಯಾಗಿ ಉಳಿಯಲಿಲ್ಲ, ಊರಿನ ಮಗ್ಗುಲಲ್ಲಿ ಸಮುದ್ರದ ಹಾಗೆ ಹರಡಿ ನಿಂತಿತು.

ಖಾಲಿ ಮಾಡುವ ಮೊದಲು ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿದರು. ತೊಲೆ, ಜಂತಿ, ಬಾಗಿಲು, ಕಂಬ ಎಲ್ಲವನ್ನೂ ಇಳಿಸಿ ಗಾಡಿಗೆ ಹೇರಿದರು. ಕೆಲವರು ಹೊಸ ಮನೆಗೆ ಬಳಸಿಕೊಂಡರು. ಜಾಸ್ತಿ ಜನ ಹಳೇ ಕಟ್ಟಿಗೆಯ ವ್ಯಾಪಾರಿಗಳಿಗೆ ಮಾರಿದರು. ತಪ್ಪು ಅವರದಲ್ಲ, ಕೈಯಲ್ಲಿ ದುಡ್ಡು ಬೇಕಿತ್ತು, ನವನಗರದಲ್ಲಿ ಪಾಯ ತೋಡಬೇಕಿತ್ತು. ಕೆತ್ತನೆಯ ಕಟ್ಟಿಗೆ ಯಾವ ಯಾವ ಊರಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ನಷ್ಟ, ಬಿಚ್ಚುವ ಮೊದಲು ಆ ಮನೆಗಳ ನಕ್ಷೆ ಯಾರೂ ಬರೆಯಲಿಲ್ಲ. ಮುಳುಗಿದ ಓಣಿಗಳ ಫೋಟೋ ಬೇಕೆಂದರೆ ಇವತ್ತು ಮದುವೆ ಆಲ್ಬಮ್ಮುಗಳನ್ನು ಹುಡುಕಬೇಕು. ವಧು ವರರ ಹಿಂದೆ ಒಂಚೂರು ಗೋಡೆ, ಒಂಚೂರು ಕಟ್ಟೆ ಕಂಡರೆ ಅದೇ ದಾಖಲೆ.

ಎರಡನೇ ಸಲವೂ ಹೀಗೇ ಆಗಬಾರದು.

ಇದು ಆಗದ ಕೆಲಸ ಅಂತ ದಯವಿಟ್ಟು ಹೇಳಬೇಡಿ. ಇದೇ ಕೃಷ್ಣೆಯ ಮೇಲೆ ಆಂಧ್ರದಲ್ಲಿ ನಾಗಾರ್ಜುನಸಾಗರ ಕಟ್ಟುವಾಗ, ನೀರು ತುಂಬುವ ಮೊದಲು ನಾಗಾರ್ಜುನಕೊಂಡದ ಕಣಿವೆಯನ್ನು 1954ರಿಂದ ಆರು ವರ್ಷ ಅಗೆದು, ಸಿಕ್ಕಿದ್ದನ್ನು ಗುಡ್ಡದ ಮೇಲಕ್ಕೆ ಸಾಗಿಸಿದರು. ಆ ಗುಡ್ಡ ಈಗ ದ್ವೀಪ, ಅಲ್ಲೊಂದು ಮ್ಯೂಸಿಯಂ ಇದೆ. ಶ್ರೀಶೈಲದ ಅಣೆಕಟ್ಟೆ ಬಂದಾಗ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಿದರು. ಅಷ್ಟು ದೂರ ಯಾಕೆ, ನಮ್ಮದೇ ಜಿಲ್ಲೆಯ ಕೂಡಲಸಂಗಮಕ್ಕೆ ಹೋಗಿ ನೋಡಿ. ಬಸವಣ್ಣನವರ ಐಕ್ಯಮಂಟಪ ನೀರಿನ ಪಾಲಾಗಬಾರದು ಎಂದು ಸುತ್ತ ದೊಡ್ಡ ಬಾವಿಯ ಹಾಗೆ ಗೋಡೆ ಎಬ್ಬಿಸಿದ್ದಾರೆ. ಹೊರಗೆಲ್ಲ ನೀರು, ಮೆಟ್ಟಿಲು ಇಳಿದು ಒಳಗೆ ಹೋದರೆ ಮಂಟಪ. ಮನಸ್ಸು ಮಾಡಿದರೆ ಆಗುತ್ತದೆ, ಅಲ್ವಾ?

ಗುಡಿಗೆ ಒಂದು ನ್ಯಾಯ, ಮನೆಗೆ ಒಂದು ನ್ಯಾಯ ಎಂದು ನಾನು ಜಗಳ ತೆಗೆಯುತ್ತಿಲ್ಲ. ಇಡೀ ಹಳಪೇಟೆಗೆ ಗೋಡೆ ಕಟ್ಟಲು ಆಗುವುದಿಲ್ಲ ಎಂದು ನನಗೂ ಗೊತ್ತು. ಮನೆಗಳನ್ನು ಬಿಚ್ಚಿ ಬೇರೆ ಕಡೆ ಕಟ್ಟಬಹುದು ಎಂಬುದಕ್ಕೂ ಸಾಕ್ಷಿ ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಗ್ರಾಮದಲ್ಲಿ ನಾಡಿನ ಬೇರೆ ಬೇರೆ ಕಡೆಯ ಹಳೇ ಮನೆಗಳನ್ನು ತಂದು ನಿಲ್ಲಿಸಿದ್ದಾರೆ. ಅಲ್ಲಿ ಮುಧೋಳ ಅರಮನೆಯ ದರ್ಬಾರ್ ಹಾಲ್ ಕೂಡ ಇದೆ. ಹೌದು, ನಮ್ಮ ಘಟಪ್ರಭೆಯ ದಂಡೆಯ ಮುಧೋಳದ್ದೇ. ನಮ್ಮ ಜಿಲ್ಲೆಯ ಒಂದು ದರ್ಬಾರ್ ಹಾಲ್ ನೋಡಲು ನಾವು ಕಡಲ ತೀರದ ಜಿಲ್ಲೆಗೆ ಹೋಗಬೇಕು. ಉಳಿಸಿದವರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಆ ಕೆಲಸ ಇಲ್ಲೇ ಯಾಕೆ ಆಗಬಾರದು? ನವನಗರದಲ್ಲಿ ಜಾಗಕ್ಕೆ ಬರವಿಲ್ಲ. ಕಿಲ್ಲಾದ್ದೋ ಹೊಸಪೇಟೆಯದ್ದೋ ಒಂದು ಒಳ್ಳೆಯ ಅಂಕಣದ ಮನೆಯನ್ನು, ಒಂದೇ ಒಂದನ್ನು, ಮಾಲೀಕರಿಗೆ ಒಪ್ಪುವ ಬೆಲೆ ಕೊಟ್ಟು, ಕಲ್ಲಿಗೆ ಕಲ್ಲು ನಂಬರ್ ಹಾಕಿ ತಂದು ನಿಲ್ಲಿಸಿ. ಅದೇ ನಮ್ಮ ನಗರದ ಮ್ಯೂಸಿಯಂ ಆಗಲಿ. ಉಳಿದ ಮನೆಗಳ ನಕ್ಷೆ, ಫೋಟೋ, ಹಿರಿಯರ ಮಾತಿನ ರೆಕಾರ್ಡಿಂಗ್ ಅದರೊಳಗೆ ಇರಲಿ.

ಮನೆ ಅಳೆದು ನಕ್ಷೆ ಬರೆಯಲು ಹೊರಗಿನಿಂದ ಯಾರನ್ನೂ ಕರೆಸಬೇಕಾಗಿಲ್ಲ. 1963ರಿಂದ ನಮ್ಮೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಇದೆ. ಡಿಗ್ರಿ ಕಾಲೇಜುಗಳಲ್ಲಿ ಇತಿಹಾಸ ವಿಭಾಗಗಳಿವೆ. ಸಿವಿಲ್ ಓದುವ ಹುಡುಗ ಹುಡುಗಿಯರು ಟೇಪು ಹಿಡಿದು ಒಂದು ಓಣಿ ಅಳೆದರೆ ಅವರಿಗೂ ಪಾಠ, ಊರಿಗೂ ಉಪಕಾರ. ಇತಿಹಾಸದ ಮಕ್ಕಳು ಅಜ್ಜ ಅಜ್ಜಿಯರ ಪಕ್ಕ ಕೂತು ಮೊಬೈಲಿನಲ್ಲಿ ಮಾತು ಮುದ್ರಿಸಿಕೊಳ್ಳಲಿ. ಬೇಕಾಗಿರುವುದು ಜಿಲ್ಲಾಡಳಿತದ ಒಂದು ಪತ್ರ, ಆಮೇಲೆ ಎಲ್ಲವನ್ನೂ ಒಂದೆಡೆ ಕೂಡಿಡುವ ಒಂದು ಕೋಣೆ.

ಕಾಗದ ಪತ್ರಗಳ ಮಾತು ಬೇರೆ ಇದೆ. ಹಳೇ ಮನೆತನಗಳ ಅಟ್ಟದ ಮೇಲೆ, ಟ್ರಂಕಿನೊಳಗೆ ಮೋಡಿ ಲಿಪಿಯ (ಮರಾಠಿ ಬರೆಯುತ್ತಿದ್ದ ಹಳೆಯ ಕೂಡುಬರಹ) ದಫ್ತರಗಳಿವೆ. ಅಂಗಡಿಕಾರರ ಕಿರ್ದಿ ಪುಸ್ತಕಗಳಿವೆ. ಪೇಶ್ವೆಗಳ ಕಾಲದಲ್ಲಿ ಈ ಭಾಗದ ಲೆಕ್ಕಪತ್ರ ನಡೆದದ್ದು ಮೋಡಿಯಲ್ಲೇ. ಇವತ್ತು ಮನೆಯವರಿಗೇ ಅದನ್ನು ಓದಲು ಬರುವುದಿಲ್ಲ, ಹಾಗಾಗಿ ಮನೆ ಖಾಲಿ ಮಾಡುವಾಗ ಮೊದಲು ರದ್ದಿಗೆ ಹೋಗುವುದು ಅದೇ. ಯಾವ ವರ್ಷ ಬರ ಬಿತ್ತು, ಹತ್ತಿ ಯಾವ ದರಕ್ಕೆ ಹೋಯಿತು, ಯಾರು ಯಾರಿಗೆ ಸಾಲ ಕೊಟ್ಟರು, ಎಲ್ಲ ಅದರಲ್ಲೇ ಇರುತ್ತದೆ. ಮೂಲ ಪ್ರತಿ ಮನೆಯವರ ಹತ್ತಿರವೇ ಇರಲಿ. ನಗರಸಭೆಯಲ್ಲಿ ಒಂದು ಸ್ಕ್ಯಾನರ್ ಇಟ್ಟು, ತಂದವರ ಕಾಗದ ಅವರ ಎದುರಿಗೇ ಸ್ಕ್ಯಾನ್ ಮಾಡಿ ವಾಪಸ್ ಕೊಟ್ಟರೆ ಸಾಕು. ನಗರಸಭೆಯ ಹಳೇ ಠರಾವು ಪುಸ್ತಕಗಳು ಮತ್ತು ಸಿಟಿ ಸರ್ವೆ ನಕ್ಷೆಗಳಿಗೂ ಇದೇ ಕೆಲಸ ಆಗಬೇಕು.

ಇನ್ನು ಹೋಳಿ. ಬಾಗಲಕೋಟೆಯ ಹೋಳಿ ಎಂದರೆ ಇಡೀ ನಾಡಿಗೆ ಗೊತ್ತು. ಕಲ್ಕತ್ತೆ ಬಿಟ್ಟರೆ ನಮ್ಮದೇ ಎಂದು ನಾವು ಹೆಮ್ಮೆ ಪಡುತ್ತೇವೆ. ಈ ಹಬ್ಬ ಹೇಗೆ ನಡೆಯುತ್ತದೆ ನೋಡಿ. ಐದು ಪೇಟೆಗೂ ತಮ್ಮ ತಮ್ಮ ತುರಾಯಿ ಹಲಗೆ (ಬಡಿಯುವ ಚರ್ಮವಾದ್ಯ), ತಮ್ಮ ನಿಶಾನೆ, ತಮ್ಮ ಸೋಗಿನ ಬಂಡಿ. ಬ್ಯಾರಲ್ಲುಗಳಲ್ಲಿ ಬಣ್ಣ ತುಂಬಿಕೊಂಡ ಬಂಡಿಗಳು ಒಂದು ಪೇಟೆಯಿಂದ ಇನ್ನೊಂದು ಪೇಟೆಗೆ ಹೋಗುತ್ತವೆ. ಇಕ್ಕಟ್ಟಿನ ಓಣಿಯಲ್ಲಿ ಬಂಡಿ ಬಂಡಿ ಎದುರಾದಾಗ ಆ ಹಲಗೆಯ ಸದ್ದು ಎದೆಗೇ ಬಡಿಯುತ್ತದೆ. ಮಾಳಿಗೆಯ ಮೇಲಿಂದ ಹೆಂಗಸರು, ಮಕ್ಕಳು ಕೊಡಗಟ್ಟಲೆ ಬಣ್ಣ ಸುರಿಯುತ್ತಾರೆ. ಪೇಟೆ ಪೇಟೆಗಳ ನಡುವಿನ ಪೈಪೋಟಿಯೇ ಈ ಹಬ್ಬದ ಜೀವ. ನವನಗರಕ್ಕೆ ಹೋದವರು ಅದಕ್ಕೇ ಹೋಳಿಗೆ ತಪ್ಪದೇ ಹಳೇ ಊರಿಗೆ ಬರುತ್ತಾರೆ. ಅಗಲ ರಸ್ತೆಯ ಸೆಕ್ಟರಿನಲ್ಲಿ ಬಣ್ಣ ಎರಚಬಹುದು, ಆದರೆ ಎದುರು ಪೇಟೆ ಯಾವುದು? ಹಲಗೆ ಯಾರ ಮನೆಯಿಂದ ಹೊರಡಬೇಕು? ಪೇಟೆಗಳು ಚದುರಿದರೆ ಈ ಹಬ್ಬ ಟಿವಿಯಲ್ಲಿ ತೋರಿಸುವ ಯಾವುದೋ ಊರಿನ ಹೋಳಿಯ ಹಾಗೆ ಆಗುತ್ತದೆ.

ಹೀಗಾಗಿ ಪ್ರಾಧಿಕಾರದವರಿಗೆ ಒಂದು ವಿಶೇಷ ಕೋರಿಕೆ. ನವನಗರದ ಮುಂದಿನ ಯುನಿಟ್ಟಿನಲ್ಲಿ, ಅಂದರೆ ಹೊಸ ಬಡಾವಣೆಯಲ್ಲಿ, ಸೈಟು ಹಂಚುವಾಗ ಒಂದು ಓಣಿಯವರನ್ನು ಒಂದೇ ಕಡೆ ಇರಲು ಬಿಡಿ. ಬಯಸಿದವರಿಗೆ ನೆರೆಮನೆಯವರ ಪಕ್ಕವೇ ಸೈಟು ಸಿಗಲಿ. ಚೀಟಿ ಎತ್ತಿ ಹಂಚಿದರೆ ಒಂದೇ ಗೋಡೆ ಹಂಚಿಕೊಂಡು ಮೂರು ತಲೆಮಾರು ಬಾಳಿದವರು ಊರಿನ ಎರಡು ತುದಿಗೆ ಹೋಗಿಬಿಡುತ್ತಾರೆ. ಸೆಕ್ಟರಿಗೆ ನಂಬರ್ ಇರಲಿ, ಅಂಚೆಯವರಿಗೆ ಅನುಕೂಲ. ಜೊತೆಗೆ ಹೆಸರೂ ಇರಲಿ. ಹಳಪೇಟೆಯವರು ಜಾಸ್ತಿ ಇರುವ ಕಡೆ ಹಳಪೇಟೆ, ಜೈನಪೇಟೆಯವರು ಇರುವ ಕಡೆ ಜೈನಪೇಟೆ ಎಂದು ಬೋರ್ಡ್ ಹಾಕಿ. ನವನಗರವನ್ನು ನಾನು ಬಯ್ಯುತ್ತಿಲ್ಲ. ನಾನು ಇರುವುದೂ ಅಲ್ಲೇ. ಅಗಲ ರಸ್ತೆ, ಗಿಡಮರ, ಗಾಳಿ ಬೆಳಕು, ಎಲ್ಲ ಚೆನ್ನಾಗಿದೆ. ಆದರೆ ಮಕ್ಕಳನ್ನು ‘ನಿಮ್ಮ ಓಣಿ ಯಾವುದು’ ಎಂದು ಕೇಳಿದರೆ ಒಂದು ಅಂಕಿ ಹೇಳುತ್ತಾರೆ. ಅದು ನನಗೆ ಸಂಕಟ.

ಮುಳುಗಡೆಯ ಗೆರೆಗಿಂತ ಮೇಲಿರುವ ಭಾಗದ ಬಗ್ಗೆಯೂ ಒಂದು ಮಾತು. 2010ರಲ್ಲಿ ರಾಜ್ಯಗಳ ನಡುವಿನ ನೀರಿನ ವ್ಯಾಜ್ಯ ಬಗೆಹರಿಸುವ ಕೃಷ್ಣಾ ಎರಡನೇ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿದಾಗಿನಿಂದ ಹಳೇ ಊರಿನ ಜನ ಅರ್ಧ ಕಾಲು ಹೊರಗಿಟ್ಟೇ ಬದುಕುತ್ತಿದ್ದಾರೆ. ನಾಳೆ ಹೋಗುವ ಮನೆಗೆ ಗಿಲಾವ್ (ಗಾರೆ) ಯಾಕೆ, ಮಾಳಿಗೆಗೆ ಹೊಸ ಮಣ್ಣು ಯಾಕೆ ಎಂದು ಕೈ ಬಿಟ್ಟಿದ್ದಾರೆ. ಗೆರೆಯ ಒಳಗಿನ ಮನೆಗಳ ಕತೆ ಹೀಗಾದರೆ, ಗೆರೆಯ ಹೊರಗಿರುವ ಮನೆಯವರಿಗೂ ತಮ್ಮದು ಒಳಗೋ ಹೊರಗೋ ಎಂಬ ಅನುಮಾನ. ನೀರು ಮುಟ್ಟದ ಮನೆಗಳೂ ಹೀಗೆ ಸುಮ್ನೆ ಬೀಳುತ್ತಿವೆ. ಗೆರೆ ಎಲ್ಲಿ ಎಂದು ಓಣಿ ಓಣಿಗೂ ಸ್ಪಷ್ಟವಾಗಿ ಗುರುತು ಹಾಕಿ. ಹೊರಗೆ ಉಳಿಯುವವರಿಗೆ ಹಳೇ ಮನೆ ರಿಪೇರಿಗೆ ನಗರಸಭೆ ಸ್ವಲ್ಪ ನೆರವು ಕೊಡಲಿ. ರಸ್ತೆ ಅಗಲ ಮಾಡುವ ಮಾತು ಬಂದಾಗ ಉಳಿದಿರುವ ನಾಲ್ಕು ಕಟ್ಟೆಗಳ ಮೇಲೆ ಮೊದಲು ಬುಲ್ಡೋಜರ್ ಹೋಗದಿರಲಿ.

ಊರಿನ ಜನರೇ, ಎಲ್ಲವನ್ನೂ ಅಧಿಕಾರಿಗಳ ತಲೆಗೆ ಕಟ್ಟಿ ನಾವು ಕೂರುವುದು ಸರಿಯಲ್ಲ. ನಿಮ್ಮ ಮನೆಯ ಫೋಟೋ ಇವತ್ತೇ ತೆಗೆದಿಡಿ. ತಲೆಬಾಗಿಲು, ಕಂಬ, ಬೆಳಕಿಂಡಿ, ಹಗೇವು (ಕಾಳು ತುಂಬಿಡುವ ನೆಲಗುಂಡಿ) ಇದ್ದರೆ ಅದರ ಬಾಯಿ, ಗೋಡೆಯ ಮಾಡ, ದೇವರ ಕೋಣೆ. ಹಿಂದೆ ಒಂದು ಹಾಳೆಯಲ್ಲಿ ಕಟ್ಟಿಸಿದವರ ಹೆಸರು, ಗೊತ್ತಿದ್ದರೆ ಇಸವಿ. ದಫ್ತರಗಳನ್ನು ರದ್ದಿಗೆ ಹಾಕಬೇಡಿ. ಕೆತ್ತನೆಯ ಚೌಕಟ್ಟು ಮಾರಲೇಬೇಕೆಂದರೆ ಮೊದಲು ಊರಿನವರನ್ನು ಕೇಳಿ.

ಪರಿಹಾರ ಮೊದಲು, ಚರಿತ್ರೆ ಆಮೇಲೆ ಎಂದು ಕೆಲವರು ಹೇಳುತ್ತಾರೆ. ಪರಿಹಾರ ಮೊದಲು ಎಂಬುದನ್ನು ನಾನೂ ಒಪ್ಪುತ್ತೇನೆ. ಮನೆ, ಹೊಲ ಕಳೆದುಕೊಳ್ಳುವವರ ಕೈಗೆ ಹಣ ಪೂರ್ತಿ ಬರಬೇಕು, ಅಲೆದಾಡಿಸದೇ ಬರಬೇಕು. ಈ ನೀರಿನಿಂದ ವಿಜಯಪುರದ ಕಡೆಯ ಒಣಭೂಮಿ ಹಸಿರಾಗುವುದಕ್ಕೂ ನನ್ನ ವಿರೋಧವಿಲ್ಲ. ಆದರೆ ಚರಿತ್ರೆ ಆಮೇಲೆ ಎನ್ನಲು ಇಲ್ಲಿ ಆಮೇಲೆ ಎಂಬುದೇ ಇಲ್ಲ. ಪರಿಹಾರದ ಚೆಕ್ ಬಂದ ವಾರವೇ ಮಾಳಿಗೆ ಇಳಿಯುತ್ತದೆ. ಅಳತೆ ಮುಗಿದು ಚೆಕ್ ಬರುವವರೆಗಿನ ಸಮಯ ಮಾತ್ರ ನಮ್ಮ ಕೈಯಲ್ಲಿದೆ.

ಆದ್ದರಿಂದ ಮುಂದಿನ ಅಳತೆ ಶುರುವಾಗುವ ಮೊದಲು ಒಂದು ಸಭೆ ಕರೆಯಿರಿ. ಪ್ರಾಧಿಕಾರ, ನಗರಸಭೆ, ಪುರಾತತ್ವ ಇಲಾಖೆ, ಕಾಲೇಜುಗಳು, ಐದೂ ಪೇಟೆಯ ಹಿರಿಯರು ಒಂದೆಡೆ ಕೂರಲಿ. ಆ ಇನ್ನೊಂದು ಹಾಳೆಯಲ್ಲಿ ಏನೇನು ಇರಬೇಕು ಎಂದು ಅಲ್ಲೇ ತೀರ್ಮಾನ ಆಗಲಿ. ಹಾಳೆ ನೀವು ಅಚ್ಚು ಹಾಕಿಸಿ. ಅಳತೆಯವರು ಬರುವ ದಿನ ಓಣಿಯ ಹಿರಿಯರನ್ನು ಕರೆತಂದು ಕಟ್ಟೆಯ ಮೇಲೆ ಕೂರಿಸುವುದು, ಚಹಾ ಕೊಡುವುದು, ಒಂದು ಮನೆಯೂ ಬಿಟ್ಟುಹೋಗದಂತೆ ಜೊತೆಗೆ ತಿರುಗುವುದು ನಮ್ಮ ಕೆಲಸ.

ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ,
ಹಳಪೇಟೆಯಲ್ಲಿ ಹುಟ್ಟಿ ನವನಗರದಲ್ಲಿ ವಾಸವಾಗಿರುವ ಒಬ್ಬ ನಾಗರಿಕ